ಬೇಡಿ ತೊಟ್ಟವನನ್ನು ಎದುರುಗೊಂಡವರು



ಕೆಲವು ಸಮಯದ ಹಿಂದೆ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಭಾನುವಾರದ ಬಲಿಪೂಜೆಯ ನಂತರ ದೇವಾಲಯದ ಮೆಟ್ಟಿಲ ಬಳಿ ನಿಂತು ಒಂದು ಮಾತು ಹೇಳಿದರು. "ಫಾದರ್, ಯಜಮಾನರು ತೀರಿಕೊಂಡಾಗ ಮನೆ ತುಂಬ ಜನ. ಒಲೆ ಹಚ್ಚುವುದಕ್ಕೂ ಬಿಡಲಿಲ್ಲ, ಯಾರಾದರೊಬ್ಬರು ಊಟ ತರುತ್ತಿದ್ದರು. ಮೂವತ್ತನೆಯ ದಿನದ ಪೂಜೆ ಮುಗಿಯಿತು ನೋಡಿ, ಆಮೇಲೆ ನಮ್ಮ ಮನೆಯ ದಾರಿ ಎಲ್ಲರಿಗೂ ಮರೆತುಹೋಯಿತು." ಅವರ ದನಿಯಲ್ಲಿ ದೂರು ಇರಲಿಲ್ಲ, ಮಳೆ ನಿಂತಿತು ಎಂದು ಹೇಳುವ ಹಾಗೆ ಹೇಳಿದರು. ನಾನು "ದೇವರಿದ್ದಾನಮ್ಮ, ಧೈರ್ಯವಾಗಿರಿ" ಎಂದೆ. ಹಾಗೆ ಹೇಳಿ ಗುರುನಿವಾಸದ ಕಡೆಗೆ ನಡೆಯುವಾಗ ನನಗೇ ನಾಚಿಕೆಯಾಯಿತು. ಆ ಮನೆಯ ದಾರಿ ಮರೆತವರಲ್ಲಿ ನಾನೂ ಒಬ್ಬ.

ದೇವರಿದ್ದಾನೆ ಎಂಬುದು ಸತ್ಯವೇ. ಆದರೆ ಕುಗ್ಗಿದವರ ಬಳಿಗೆ ಆತ ಬರುವುದು ಹೇಗೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು 'ಪ್ರೇಷಿತರ ಕಾರ್ಯಕಲಾಪಗಳು' ಗ್ರಂಥದ ಕೊನೆಯ ಎರಡು ಅಧ್ಯಾಯಗಳನ್ನು ಒಮ್ಮೆ ಓದಿ ನೋಡಿ.

ಅಲ್ಲಿ ಸಂತ ಪೌಲ ಕೈದಿ. ಚಕ್ರವರ್ತಿಯ ನ್ಯಾಯಾಸ್ಥಾನಕ್ಕೆಂದು ರೋಮಿಗೆ ಹಡಗಿನಲ್ಲಿ ಕರೆದೊಯ್ಯುತ್ತಿದ್ದಾರೆ. ಹದಿನಾಲ್ಕು ರಾತ್ರಿ ಬಿರುಗಾಳಿ. ಹಡಗಿನಲ್ಲಿದ್ದವರು 276 ಮಂದಿ ಎಂದು ಲೂಕ ಎಣಿಸಿ ಬರೆದಿದ್ದಾನೆ. ಅವರೆಲ್ಲ ಊಟ ಬಿಟ್ಟು, ಬದುಕುವ ಆಸೆ ಬಿಟ್ಟು ಕುಳಿತಿದ್ದಾಗ ಎದ್ದು ನಿಂತು ಧೈರ್ಯ ಹೇಳಿದವನು, ರೊಟ್ಟಿ ಮುರಿದು ತಾನು ಮೊದಲು ತಿಂದು ಅವರಿಗೂ ತಿನ್ನುವ ಮನಸ್ಸು ಬರಿಸಿದವನು ಈ ಕೈದಿಯೇ. ಹಡಗು ಒಡೆದರೂ ಎಲ್ಲರೂ ಮಾಲ್ಟಾ ದ್ವೀಪ ಸೇರಿ ಬದುಕಿಕೊಂಡರು. ಮೂರು ತಿಂಗಳ ನಂತರ ಬೇರೊಂದು ಹಡಗು ಹತ್ತಿ ಇಟಲಿಯ ಪೊತಿಯೋಲ ಬಂದರಿಗೆ ಬಂದಿಳಿದರು. ಅಲ್ಲಿಂದ ರೋಮಿಗೆ ಕಾಲುದಾರಿ.

ಪೌಲ ಬಂದ ಸುದ್ದಿ ರೋಮಿನ ಕ್ರೈಸ್ತರಿಗೆ ಮುಟ್ಟಿತು. ಅವರು ಊರಲ್ಲೇ ಕಾಯುತ್ತ ಕೂರಲಿಲ್ಲ. ಕೆಲವರು 'ಮೂರು ಛತ್ರ' ಎಂಬ ಸ್ಥಳದವರೆಗೆ, ಕೆಲವರು ಅದಕ್ಕೂ ಆಚೆ ಅಪ್ಪಿಯಪೇಟೆಯವರೆಗೆ ಎದುರುಗೊಳ್ಳಲು ಬಂದರು. ಮೂರು ಛತ್ರ ರೋಮಿನಿಂದ ಸುಮಾರು 50 ಕಿಲೋಮೀಟರ್, ಅಪ್ಪಿಯಪೇಟೆ ಸುಮಾರು 65. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಬೆಂಗಳೂರಿನಿಂದ ತುಮಕೂರಿನ ಹತ್ತಿರದವರೆಗೆ ನಡೆದ ಹಾಗೆ. ಅವರನ್ನು ಕಂಡೊಡನೆ ಪೌಲ ದೇವರಿಗೆ ಸ್ತೋತ್ರ ಸಲ್ಲಿಸಿ ಧೈರ್ಯಗೊಂಡ ಎನ್ನುತ್ತಾನೆ ಲೂಕ.

ಈ ವಾಕ್ಯವನ್ನು ನಾನು ಎಷ್ಟೋ ವರ್ಷ ಸುಮ್ಮನೆ ಓದಿಕೊಂಡು ಹೋಗಿದ್ದೆ. ಧೈರ್ಯಗೊಂಡ ಎಂದರೆ ಅದಕ್ಕೆ ಮುಂಚೆ ಧೈರ್ಯ ಕುಂದಿತ್ತು ಎಂದೇ ಅಲ್ಲವೇ? ಕಡಲಲ್ಲಿ 276 ಜನರಿಗೆ ಆಸರೆಯಾದವನ ಎದೆ ಗಟ್ಟಿ ನೆಲದ ಮೇಲೆ, ಗುರಿ ಹತ್ತಿರವಾದಾಗ ಅಳುಕಿತ್ತು. ಮನೆಯಲ್ಲಿ ಎಲ್ಲರಿಗೂ ಧೈರ್ಯ ಹೇಳುವ ದೊಡ್ಡ ಮಗನನ್ನೋ, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಕಣ್ಣೀರು ತೋರಿಸದೆ ಕೂರುವ ತಾಯಿಯನ್ನೋ ನೀವು ಬಲ್ಲಿರಿ. "ಅವರು ಗಟ್ಟಿ, ಅವರಿಗೇನೂ ಆಗುವುದಿಲ್ಲ" ಎಂದು ನಾವು ಮುಂದೆ ಸಾಗಿಬಿಡುತ್ತೇವೆ.

ಇನ್ನೊಂದು ವಿಷಯ. ಇದಕ್ಕೆ ಸುಮಾರು ಮೂರು ವರ್ಷ ಮುಂಚೆ ಪೌಲ ಇದೇ ರೋಮಿನವರಿಗೆ ಪತ್ರ ಬರೆದಿದ್ದ. ನಿಮ್ಮನ್ನು ಕಂಡು ನಿಮಗೆ ಆತ್ಮಿಕ ವರವನ್ನು ಹಂಚಬೇಕು ಎಂದು ಒಂದನೆಯ ಅಧ್ಯಾಯದಲ್ಲಿ ಹೇಳಿ, ಮರುಕ್ಷಣವೇ ತನ್ನನ್ನು ತಾನು ತಿದ್ದಿಕೊಂಡವನಂತೆ, ಅಂದರೆ ನಿಮ್ಮಿಂದ ನನಗೂ ನನ್ನಿಂದ ನಿಮಗೂ ಉತ್ತೇಜನ ಸಿಗಬೇಕು ಎಂಬ ಅರ್ಥದ ಮಾತು ಸೇರಿಸಿದ್ದ. ಬೋಧಕನಾಗಿ ಬರುತ್ತೇನೆಂದು ಬರೆದವನು ಬೇಡಿ ತೊಟ್ಟು ಬಂದ. ಕೊಡಲು ಬಂದವನಿಗೆ ದಾರಿಯಲ್ಲೇ ಸಿಕ್ಕಿತು.

ಬಂದ ಗೆಳೆಯರು ಮಾಡಿದ್ದಾದರೂ ಏನು? ಬೇಡಿ ಕಳಚಲಿಲ್ಲ. ಮೊಕದ್ದಮೆ ನಿಲ್ಲಲಿಲ್ಲ. ಪೌಲ ಮುಂದೆ ಎರಡು ವರ್ಷ ರೋಮಿನಲ್ಲಿ ಕಾವಲಿನಲ್ಲೇ ಇದ್ದ. ಹಾಗಾದರೆ ಬರಿಯ ಬರುವಿಕೆಯಲ್ಲಿ ಅಂಥ ಬಲವೇನಿದೆ?

1274ರಲ್ಲಿ ತೀರಿಕೊಂಡ ಸಂತ ಥಾಮಸ್ ಅಕ್ವಿನಾಸರು ತಮ್ಮ ದೊಡ್ಡ ದೈವಶಾಸ್ತ್ರ ಗ್ರಂಥ 'ಸುಮ್ಮಾ'ದಲ್ಲಿ ದುಃಖಕ್ಕೆ ಔಷಧಿಗಳೇನು ಎಂದು ವಿಚಾರಿಸುತ್ತಾರೆ. ಯಾವುದಾದರೂ ಸಂತೋಷ, ಅಳು, ಗೆಳೆಯರ ಅನುಕಂಪ, ಸತ್ಯದ ಧ್ಯಾನ. ಕೊನೆಗೆ ನಿದ್ರೆ ಮತ್ತು ಸ್ನಾನ! ಗುರುಮಠದ ತರಗತಿಯಲ್ಲಿ ಈ ಸ್ನಾನದ ಮಾತು ಬಂದಾಗ ನಾವೆಲ್ಲ ನಕ್ಕಿದ್ದೆವು. ಇಪ್ಪತ್ತರ ಹರೆಯದಲ್ಲಿ ನಗುವುದು ಸುಲಭ. ಮಗು ಕಳೆದುಕೊಂಡ ತಾಯಿಯನ್ನು ಅಕ್ಕಪಕ್ಕದ ಹೆಂಗಸರು ಬಲವಂತದಿಂದ ಬಿಸಿನೀರು ಹಾಕಿ ಮಲಗಿಸುವುದನ್ನು ಕಂಡ ಮೇಲೆ ನಾನು ಆ ಪುಟಕ್ಕೆ ನಗಲಿಲ್ಲ.

ಗೆಳೆಯರ ವಿಷಯದಲ್ಲಿ ಥಾಮಸರು ಎರಡು ಕಾರಣ ಕೊಡುತ್ತಾರೆ. ಇದಕ್ಕೆ ಅವರಿಗೆ ದಾರಿ ತೋರಿದವನು ಕ್ರೈಸ್ತನೇ ಅಲ್ಲದ ಅರಿಸ್ಟಾಟಲ್. ಮೊದಲನೆಯದು, ದುಃಖ ಒಂದು ಹೊರೆ. ನಾಲ್ಕು ಜನ ಕೈಹಾಕಿದಾಗ ಹಗುರವಾದಂತೆ ತೋರುತ್ತದೆ. ಆದರೆ ಇದಕ್ಕಿಂತ ಉತ್ತಮವಾದ ಕಾರಣ ಎರಡನೆಯದು ಎನ್ನುತ್ತಾರೆ ಅವರು: ಗೆಳೆಯನು ನನ್ನ ಜೊತೆ ನೋಯುವುದನ್ನು ಕಂಡಾಗ, ಇವನು ನನ್ನನ್ನು ಪ್ರೀತಿಸುತ್ತಾನೆಂದು ನನಗೆ ತಿಳಿಯುತ್ತದೆ. ಪ್ರೀತಿಸಲ್ಪಡುವುದೇ ಒಂದು ಸಂತೋಷ. ಆ ಸಂತೋಷ ದುಃಖವನ್ನು ತಗ್ಗಿಸುತ್ತದೆ. ನೋಡಿ, ಹೊರೆ ಇದ್ದಷ್ಟೇ ಇರಬಹುದು. ಸಾಲ ತೀರದಿರಬಹುದು, ಕಾಯಿಲೆ ಬಿಡದಿರಬಹುದು. ಆದುದರಿಂದ "ನಾನು ಹೋಗಿ ಏನು ಮಾಡಲಿ, ನನ್ನ ಕೈಯಲ್ಲಿ ಏನಾಗುತ್ತದೆ?" ಎಂಬ ನಮ್ಮ ನೆಪ ನಿಲ್ಲುವುದಿಲ್ಲ. ಹೋಗಿ ಏನು ಮಾತನಾಡಲಿ ಎಂಬ ಚಿಂತೆಯೂ ಬೇಡ. ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ಮೌನವಾಗಿ ಕುಳಿತರು. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ.

ಆದರೆ ಬರುವವರು ಬರಬೇಕಾದರೆ ನಾವೂ ಬಾಗಿಲು ತೆರೆದಿಡಬೇಕು. ಇಲ್ಲಿ ನಮ್ಮ ಕ್ರೈಸ್ತ ಕುಟುಂಬಗಳಿಗೆ ಒಂದು ಮಾತು ಹೇಳಲೇಬೇಕು. ಗಂಡನ ಕುಡಿತ, ಮಗನ ಕೆಲಸ ಹೋದದ್ದು, ಒಡವೆ ಅಡವಿಟ್ಟದ್ದು, ಇವನ್ನೆಲ್ಲ ಮುಚ್ಚಿಟ್ಟು, ಕೊನೆಗೆ ಜನರ ಕಣ್ಣು ತಪ್ಪಿಸಲು ಪೂಜೆಗೆ ಬರುವುದನ್ನೂ ಬಿಡುತ್ತೇವೆ. ಮಾನ ಹೋಗಬಾರದು. ಪೌಲನಿಗೆ ಈ ಸಂಕೋಚ ಇರಲಿಲ್ಲ. ಮಕೆದೋನಿಯದಲ್ಲಿ ಹೊರಗೆ ಜಗಳ, ಒಳಗೆ ಭಯ, ಕುಗ್ಗಿಹೋಗಿದ್ದೆ. ತೀತನ ಬರುವಿಕೆಯಿಂದ ದೇವರು ನಮ್ಮನ್ನು ಸಂತೈಸಿದರು ಎಂದು ಕೊರಿಂಥದವರಿಗೆ ಬರೆದೇಬಿಟ್ಟ. ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಂತೂ ಬೇಗ ಬಾ, ಚಳಿಗಾಲಕ್ಕೆ ಮುಂಚೆ ಬಾ, ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿ ತಾ, ಪುಸ್ತಕಗಳನ್ನೂ ತಾ ಎಂದು ಕೇಳುತ್ತಾನೆ. ಜೊತೆಗೆ ಮಾರ್ಕನನ್ನೂ ಕರೆದುಕೊಂಡು ಬಾ ಎನ್ನುತ್ತಾನೆ. ಹಿಂದೊಮ್ಮೆ ನಡುದಾರಿಯಲ್ಲಿ ಬಿಟ್ಟುಹೋದನೆಂದು ಇವನೇ ಬೇಡವೆಂದ, ಇವನ ದೆಸೆಯಿಂದ ಬಾರ್ನಬನೊಂದಿಗೂ ಮುನಿಸು ಕಟ್ಟಿಕೊಂಡ ಆ ಮಾರ್ಕನನ್ನು! ಕಷ್ಟದಲ್ಲಿ ಹಳೆಯ ಮುನಿಸಿಗಿಂತ ಹಳೆಯ ಗೆಳೆಯ ದೊಡ್ಡವನಾಗಿ ಕಂಡಿರಬೇಕು.

1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜನಾಂ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ಕೆಲವು ಸಂಗಡಿಗರೊಂದಿಗೆ ಬಡವರ ಮನೆಗಳಿಗೆ ಹೋಗಲು ಆರಂಭಿಸಿದ. ಇಂದಿನ ಸಂತ ವಿನ್ಸೆಂಟ್ ದೆ ಪೌಲ್ ಸಭೆ ಹುಟ್ಟಿದ್ದು ಹಾಗೆ. ಅದರ ಕೆಲಸದ ಜೀವಾಳ ಇಂದಿಗೂ ಮನೆಭೇಟಿಯೇ. ಅಕ್ಕಿಯ ಚೀಟಿ ಕೊಟ್ಟು ಹೊಸ್ತಿಲಿನಿಂದಲೇ ಮರಳುವುದು ಭೇಟಿಯಲ್ಲ. ಒಳಗೆ ಹೋಗಿ ಕೂರಬೇಕು.

ಆ ತಾಯಿಯ ಮಾತು ಕೇಳಿದ ವಾರವೇ ನಾನು ಅವರ ಮನೆಗೆ ಹೋದೆ. ಒಂದು ಗಂಟೆ ಹೊತ್ತು ಅವರು ಯಜಮಾನರ ಹಳೆಯ ಸೈಕಲ್ಲಿನ ವಿಷಯ ಹೇಳಿದರು. ನಾನು ನಡುವೆ ಒಮ್ಮೆ ಗಡಿಯಾರ ನೋಡಿದ್ದು ನಿಜ. ಅವರು ಅದನ್ನು ಕಂಡೂ ಕಾಣದವರಂತೆ ಮತ್ತೊಂದು ಲೋಟ ಕಾಫಿ ತಂದಿಟ್ಟರು. ಈಗ ನಮ್ಮ ಧರ್ಮಕೇಂದ್ರದಲ್ಲಿ ಸಾವಾದ ಮನೆಗಳ ಹೆಸರನ್ನು ಗೋಡೆಯ ಕ್ಯಾಲೆಂಡರಿನಲ್ಲಿ ನಲವತ್ತೈದನೆಯ ದಿನಕ್ಕೂ ತೊಂಬತ್ತನೆಯ ದಿನಕ್ಕೂ ಬರೆದಿಡುತ್ತೇವೆ. ಆ ದಿನ ಇಬ್ಬರು ಹೋಗಿಬರುತ್ತಾರೆ. ಕಳೆದ ತಿಂಗಳು ಒಂದು ಮನೆಯವರು ಬಾಗಿಲು ತೆರೆಯಲಿಲ್ಲ. ಈ ತಿಂಗಳು ಮತ್ತೆ ಹೋಗುವವರಿದ್ದಾರೆ.