ನಾಲ್ವರು ನಟರ ನಾಟಕದಿಂದ ಒಂದು ಇತಿಹಾಸ ಪಾಠ

ಅಭ್ಯಾಸ ಬೋಧನೆ ಆರಂಭವಾಗುತ್ತಿದ್ದಂತೆ ನಮ್ಮ ಪ್ರಶಿಕ್ಷಣಾರ್ಥಿಗಳು ಥರ್ಮೋಕೋಲ್, ಬಣ್ಣದ ಕಾಗದ, ಚಾರ್ಟುಗಳಿಗೆ ಹಣ ಹೊಂದಿಸತೊಡಗುತ್ತಾರೆ. ರಾತ್ರಿಯೆಲ್ಲ ಕೂತು ಮಾಡಿದ ಹಡಗಿನ ಮಾದರಿಯನ್ನು ಮಕ್ಕಳು ಎರಡು ನಿಮಿಷ ನೋಡುತ್ತಾರೆ. ಆಮೇಲೆ ಅದು ಮೇಜಿನ ಮೇಲೆ ಸುಮ್ಮನೆ ಉಳಿಯುತ್ತದೆ. ಬೋಧನೋಪಕರಣ ಇದೆಯೇ ಎಂದು ನಾವು ನೋಡುತ್ತೇವೆ; ಅದು ಮಕ್ಕಳಿಂದ ಏನು ಮಾಡಿಸಿತು ಎಂದು ಅಪರೂಪಕ್ಕೆ ಕೇಳುತ್ತೇವೆ. ಈ ಪ್ರಶ್ನೆಗೆ ನನಗೆ ಉಪಯುಕ್ತ ಉತ್ತರ ದೊರೆತದ್ದು ಒಂದು ನಾಟಕದಿಂದ.

ನಾಟಕದ ಪರಿಚಯ

2014ರ ಬೇಸಿಗೆಯಲ್ಲಿ ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಮಗಳು, ಅಳಿಯ ಹಾಗೂ ಒಂಬತ್ತು ವರ್ಷದ ಮೊಮ್ಮಗನೊಂದಿಗೆ ಕ್ರೈಟೀರಿಯನ್ ರಂಗಮಂದಿರದಲ್ಲಿ ‘ದಿ 39 ಸ್ಟೆಪ್ಸ್’ ನೋಡಿದೆ. ಜಾನ್ ಬುಕನ್‌ರ 1915ರ ಕಾದಂಬರಿ ಮತ್ತು ಹಿಚ್‌ಕಾಕ್‌ರ 1935ರ ಚಲನಚಿತ್ರವನ್ನು ಆಧರಿಸಿ ಪ್ಯಾಟ್ರಿಕ್ ಬಾರ್ಲೊ ರಚಿಸಿದ ರಂಗರೂಪ ಅದು. ಕೊಲೆಯ ಆರೋಪ ಹೊತ್ತ ಹ್ಯಾನೆ ಎಂಬಾತ ಪೊಲೀಸರಿಂದ ತಪ್ಪಿಸಿಕೊಂಡು ಸ್ಕಾಟ್ಲೆಂಡಿಗೆ ಓಡಿ, ಗೂಢಚಾರರ ಜಾಲವನ್ನು ಬಯಲಿಗೆಳೆಯುವುದು ಕಥೆ. ನಟರು ನಾಲ್ವರೇ. ಒಬ್ಬ ನಟ ಹ್ಯಾನೆ, ಒಬ್ಬ ನಟಿಗೆ ಮೂರು ಸ್ತ್ರೀಪಾತ್ರಗಳು, ಮಿಕ್ಕ ಎಲ್ಲ ಪಾತ್ರಗಳೂ ಉಳಿದಿಬ್ಬರವು.

ರೈಲು ಎಂದರೆ ಕೆಲವು ಟ್ರಂಕುಗಳು ಮತ್ತು ಅವುಗಳ ಮೇಲೆ ಕೂತು ಒಂದೇ ಲಯದಲ್ಲಿ ಕುಲುಕಾಡುವ ನಟರು. ವಿಮಾನ ಬಂದದ್ದು ನಮ್ಮ ತೊಗಲುಬೊಂಬೆಯಾಟದ ಹಾಗೆ ಪರದೆಯ ಮೇಲಿನ ನೆರಳಾಗಿ. ಮನೆಗೆ ಬಂದ ಮೇಲೆ ಮೊಮ್ಮಗ, “ಅಜ್ಜಿ, ರೈಲು ಎಷ್ಟು ಜೋರಾಗಿ ಓಡ್ತು ಅಲ್ವಾ?” ಎಂದ. ಇಲ್ಲದ ರೈಲನ್ನು ಅವನೇ ಓಡಿಸಿದ್ದ.

ತರಗತಿಗೆ ಮೂರು ಸೂತ್ರಗಳು

1. ಒಂದು ಪಾತ್ರಕ್ಕೆ ಒಂದೇ ಗುರುತು. ಪೊಲೀಸನಿಗೆ ಟೋಪಿ ಎಂದರೆ ಕೊನೆಯವರೆಗೂ ಅದೇ ಟೋಪಿ.
2. ಬದಲಾವಣೆ ಎಲ್ಲರ ಕಣ್ಣೆದುರೇ ನಡೆಯಲಿ. ಆಗ ಗೊಂದಲವಿರದು.
3. ಪೂರ್ತಿ ತೋರಿಸಬೇಡಿ. ಉಳಿದದ್ದನ್ನು ಮಕ್ಕಳು ತುಂಬಲಿ.

ಮಾದರಿ ಪಾಠ

ಹತ್ತನೇ ತರಗತಿಯ ‘ಭಾರತಕ್ಕೆ ಯುರೋಪಿಯನ್ನರ ಆಗಮನ’ ಪಾಠದಲ್ಲಿ ವಾಸ್ಕೋ ಡ ಗಾಮನ ಪ್ರಯಾಣವನ್ನು ತೆಗೆದುಕೊಳ್ಳೋಣ. ಉದ್ದೇಶ: ಮಾನ್ಸೂನ್ ಗಾಳಿಗೂ ಸಮುದ್ರಯಾನಕ್ಕೂ ಇದ್ದ ಸಂಬಂಧವನ್ನು ವಿದ್ಯಾರ್ಥಿ ಕಾರಣಸಹಿತ ವಿವರಿಸುವುದು.

ಸಾಮಗ್ರಿ: ಒಂದು ಟವೆಲ್, ಸೀಮೆಸುಣ್ಣ. ನೆಲದ ಮೇಲೆ ಎರಡು ಗೆರೆ ಎಳೆಯಿರಿ. ಒಂದು ಆಫ್ರಿಕದ ಮಾಲಿಂದಿ, ಇನ್ನೊಂದು ಭಾರತದ ಕರಾವಳಿ. ನಾಲ್ವರು ವಿದ್ಯಾರ್ಥಿಗಳು ನಾವಿಕರು. ಟವೆಲ್ಲೇ ಹಾಯಿ. ತರಗತಿಯೆಲ್ಲ ಸೇರಿ ಹೊಡೆಯುವ ಒಂದು ಚಪ್ಪಾಳೆ ಒಂದು ವಾರ.

ಮೊದಲ ಪಯಣ: 1498ರ ಏಪ್ರಿಲ್ ಕೊನೆಯಲ್ಲಿ ಗಾಮ ಮಾಲಿಂದಿಯಲ್ಲಿ ದೊರೆತ ಮಾರ್ಗದರ್ಶಕನೊಡನೆ ಹೊರಟ. ಹಿಂದಿನಿಂದ ಗಾಳಿ ಬೀಸುತ್ತಿತ್ತು. ಸುಮಾರು 23 ದಿನಗಳಲ್ಲಿ ಭಾರತದ ಕರಾವಳಿ ಕಂಡಿತು. ಮೂರು ಚಪ್ಪಾಳೆ, ಮೂರು ದೊಡ್ಡ ಹೆಜ್ಜೆ.

ಮರುಪಯಣ: ಅದೇ ವರ್ಷದ ಅಕ್ಟೋಬರಿನಲ್ಲಿ, ಅನುಕೂಲವಾದ ಗಾಳಿ ನೆಲೆಗೊಳ್ಳುವ ಮೊದಲೇ, ನಮ್ಮ ಕಾರವಾರದ ಬಳಿಯ ಅಂಜದೀವ್ ದ್ವೀಪದಿಂದ ಹೊರಟ. ಆಫ್ರಿಕ ಕಂಡದ್ದು 1499ರ ಜನವರಿಯಲ್ಲಿ. ಈಗ ಹದಿಮೂರು ಚಪ್ಪಾಳೆ, ಹದಿಮೂರು ಪುಟ್ಟ ಹೆಜ್ಜೆ. ಆರನೆಯ ಚಪ್ಪಾಳೆಗೆ ಒಬ್ಬ ನಾವಿಕ ಕುಳಿತುಬಿಡುತ್ತಾನೆ, ಹತ್ತನೆಯದಕ್ಕೆ ಇನ್ನೊಬ್ಬ. ಸ್ಕರ್ವಿ ರೋಗದಿಂದ ಅನೇಕರು ಸತ್ತು, ನಡೆಸಲು ಜನ ಸಾಲದೆ ಒಂದು ಹಡಗನ್ನೇ ಸುಡಬೇಕಾಯಿತು ಎಂಬುದನ್ನು ಶಿಕ್ಷಕರು ಇಲ್ಲಿ ಹೇಳಬೇಕು.

ಚಪ್ಪಾಳೆ ಹೊಡೆದು ಕೈ ಸೋತಿರುವಾಗಲೇ ಕೇಳಿ: “ಕಡಲು ಅದೇ. ಮೂರು ಹದಿಮೂರು ಯಾಕಾಯಿತು?” ಉತ್ತರ ಬರುವವರೆಗೆ ಕಾಯಿರಿ. ಮುಂದಿನ ಪ್ರಶ್ನೆ: “ಈ ಗಾಳಿಯ ಗುಟ್ಟು ಮೊದಲೇ ಯಾರಿಗೆ ತಿಳಿದಿತ್ತು?” ಅರಬ್ ಮತ್ತು ಗುಜರಾತಿ ವರ್ತಕರು ಶತಮಾನಗಳಿಂದ ಇದೇ ಗಾಳಿಯನ್ನು ನಂಬಿ ವ್ಯಾಪಾರ ಮಾಡುತ್ತಿದ್ದರು. ಹಾಗಾದರೆ ಗಾಮ ‘ಕಂಡುಹಿಡಿದದ್ದು’ ಏನು ಎಂಬ ಚರ್ಚೆಗೆ ದಾರಿ ತೆರೆಯುತ್ತದೆ. ಯುರೋಪಿನಿಂದ ಆಫ್ರಿಕವನ್ನು ಸುತ್ತಿ ಭಾರತಕ್ಕೆ ಬರುವ ಜಲಮಾರ್ಗ ಅವನದು; ಅರಬ್ಬೀ ಸಮುದ್ರ ದಾಟುವ ದಾರಿ ಅವನಿಗಿಂತ ಬಹು ಹಳೆಯದು. ಈ ವ್ಯತ್ಯಾಸ ತಿಳಿಯದಿದ್ದರೆ ಪಾಠ ಕೇವಲ ಒಬ್ಬ ಸಾಹಸಿಯ ಕಥೆಯಾಗಿ ಮುಗಿಯುತ್ತದೆ.

ಎಚ್ಚರಿಕೆಗಳು

ಅಭಿನಯ ಹತ್ತು ನಿಮಿಷ ಮೀರಬಾರದು. ಸಾವಿನ ಸಂದರ್ಭ ನಗೆಯಾಗದಂತೆ ಶಿಕ್ಷಕರು ಮೊದಲೇ ಸೂಚಿಸಬೇಕು. ಚುರುಕಾದ ಅದೇ ನಾಲ್ವರಿಗೆ ಪ್ರತಿ ಸಲ ಅವಕಾಶ ಬೇಡ. ಕೊನೆಯಲ್ಲಿ ವಿದ್ಯಾರ್ಥಿಗಳು ಪುಸ್ತಕದಲ್ಲಿ ಮೂರು ಕಲಂ ಬರೆಯಲಿ: ಕಣ್ಣಾರೆ ಕಂಡದ್ದು, ಊಹಿಸಿದ್ದು, ಇತಿಹಾಸ ಹೇಳುವುದು. ಹೆಜ್ಜೆಗಳ ಲೆಕ್ಕ ನಮ್ಮ ಅನುಕೂಲಕ್ಕೆ ಮಾಡಿಕೊಂಡದ್ದು, ದಿನಗಳ ಲೆಕ್ಕ ದಾಖಲೆಯದು ಎಂದು ಅವರೇ ಬೇರ್ಪಡಿಸಬೇಕು. ಇದೇ ಈ ಪಾಠದ ಮೌಲ್ಯಮಾಪನ.

ಪಾಠ ವೀಕ್ಷಿಸುವ ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ಉಪಕರಣದ ಅಂದಕ್ಕೆ ಅಂಕ ಕೊಡುವ ಮೊದಲು, ಅದನ್ನು ಮೇಜಿನಿಂದ ತೆಗೆದರೆ ಮಕ್ಕಳ ಕಲಿಕೆಯಲ್ಲಿ ಏನು ಕಡಿಮೆಯಾಗುತ್ತಿತ್ತು ಎಂದು ಪ್ರಶಿಕ್ಷಣಾರ್ಥಿಯನ್ನೇ ಕೇಳಿ. ಟವೆಲ್ ಒಂದನ್ನೇ ತಂದವರಿಗೂ ಆಗ ನ್ಯಾಯ ಸಿಗುತ್ತದೆ.