ಕಂಬಿಯ ಹಿಂದೆ

ಬಿಸಿಲಲ್ಲಿ ನಡೆಯಲಿಕ್ಕೆ ದುಡ್ಡು ಕೊಡುವವರಿದ್ದಾರೆ ಎಂದರೆ ಚಿಂಚಲಿಯಲ್ಲಿ ಯಾರೂ ನಂಬುವುದಿಲ್ಲ. ರಾಯಬಾಗ ತಾಲೂಕಿನ ನಮ್ಮೂರಲ್ಲಿ ಬಿಸಿಲೂ ಪುಕ್ಕಟೆ, ನಡಿಗೆಯೂ ಪುಕ್ಕಟೆ. ಪುಣೆಯಲ್ಲಿ ನೌಕರಿಗಿರುವ ನನ್ನ ತಮ್ಮನ ಮಗಳು ಮಾತ್ರ ರಜೆ ಹಾಕಿ, ಸ್ಪೇನಿನ ದಕ್ಷಿಣದ ಗುಡ್ಡಗಳಲ್ಲಿ ನಡೆದು ಬಂದಳು. ನಡಿಗೆ ಏರ್ಪಡಿಸಿದ ಕಂಪನಿಯವರು ಕೊಟ್ಟಿದ್ದ ಹಾಳೆಯನ್ನೂ ತೋರಿಸಿದಳು. ನಸುಕಿನಲ್ಲಿ ಹೊರಡುವುದು, ಮುಂದೊಬ್ಬ ದಾರಿ ಬಲ್ಲವನು, ಗಂಟುಮೂಟೆ ವ್ಯಾನಿನಲ್ಲಿ ಮುಂದಿನ ಹಳ್ಳಿಗೆ, ಮಧ್ಯಾಹ್ನ ನೆರಳು, ಊರವರ ಮನೆಯ ಅಡುಗೆ, ರಾತ್ರಿ ಅಲ್ಲೇ ವಸ್ತಿ. ಓದಿ ಮುಗಿಸಿ, "ಇದು ನಮ್ಮ ಕಂಬೀನ ಬಿಡವ್ವಾ, ನಿಮ್ಮಲ್ಲಿ ಪಾವತಿ ಕೊಡ್ತಾರ, ಅಷ್ಟ" ಎಂದೆ. ಅವಳಿಗೆ ಸಿಟ್ಟು ಬಂತು. ನಾನು ತಮಾಷೆಗೆ ಹೇಳಿರಲಿಲ್ಲ.

ಯುಗಾದಿ ಹತ್ತಿರ ಬಂತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳ್ಳಿಹಳ್ಳಿಗಳಿಂದ ಜನ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಹೆಗಲ ಮೇಲೆ ಶ್ರೀಶೈಲದ ಮಲ್ಲಿಕಾರ್ಜುನನ, ನಮ್ಮ ಬಾಯಲ್ಲಿ ಮಲ್ಲಯ್ಯನ, ಕಾವಡಿಯಂಥ ಕಂಬಿ ಹೊತ್ತವರು ಮುಂದೆ, ಮಂದಿ ಹಿಂದೆ. ನಮ್ಮ ಕಡೆಯಿಂದ ಐನೂರು ಕಿಲೋಮೀಟರಿನ ಆಸುಪಾಸು. ಮಹಾಲಿಂಗಪುರ, ಬಾಗಲಕೋಟೆ, ಹುನಗುಂದ, ಲಿಂಗಸುಗೂರು, ರಾಯಚೂರು ದಾಟಿ ಕರ್ನೂಲಿನ ಮೇಲೆ ಆತ್ಮಕೂರು. ಅಲ್ಲಿಂದಾಚೆ ನಲ್ಲಮಲ ಕಾಡು. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಕಲ್ಯಾಣದಿಂದ ಹೊರಟದ್ದೂ ಅದೇ ಬೆಟ್ಟಕ್ಕೆ. ನಕಾಶೆ ಬಿಚ್ಚಿದರೆ ಇನ್ನೊಂದು ಮೋಜು ಕಾಣುತ್ತದೆ. ನಮ್ಮ ಪಕ್ಕದ ಕುಡಚಿಯಲ್ಲಿ ಹರಿಯುವ ಕೃಷ್ಣೆಯೇ ಶ್ರೀಶೈಲದ ಬುಡದಲ್ಲಿ ಪಾತಾಳಗಂಗೆ. ಹೊಳೆ ಹಿಪ್ಪರಗಿ, ಆಲಮಟ್ಟಿ, ನಾರಾಯಣಪುರ, ಜುರಾಲಾ ಎಂದು ಅಲ್ಲಲ್ಲಿ ತಡೆಸಿಕೊಳ್ಳುತ್ತ ಹೋಗುತ್ತದೆ; ಕಂಬಿಯವರು ಅದಕ್ಕಿಂತ ನೆಟ್ಟಗೆ ಹೋಗುತ್ತಾರೆ.

ನಮ್ಮ ತಂಡವನ್ನು ನಡೆಸುವವರು ಒಬ್ಬ ವಯಸ್ಸಾದ ಐನಾರು, ಅಂದರೆ ಜಂಗಮರು. ಅವರು ದಾರಿ ತೋರಿಸಿದ್ದನ್ನು ನಾನು ಹೆಚ್ಚಾಗಿ ನೋಡಿಲ್ಲ. ಡಾಂಬರು ರಸ್ತೆ, ಮುಂದೆ ಹೋದ ತಂಡಗಳ ಸಾಲು, ಊರೂರಿನ ಬ್ಯಾನರು ಇರುವಾಗ ದಾರಿ ತಪ್ಪುವುದೇ ಕಷ್ಟ. ಅವರ ಕೆಲಸ ಬೇರೆ: ಯಾವಾಗ ಏಳಬೇಕು, ಎಲ್ಲಿ ನಿಲ್ಲಬೇಕು. ಒಮ್ಮೆ ನಾನು, ಇನ್ನೂ ಎಂಟೂವರೆ, ಮುಂದಿನ ಊರಿಗೆ ಗಂಟೆಯೊಳಗೆ ಮುಟ್ಟುತ್ತೇವೆ ಎಂದು ವಾದಿಸಿದ್ದಕ್ಕೆ ಅವರು ಕಂಬಿಯವರನ್ನು ಹುಣಸೆಮರದ ಕೆಳಗೆ ನಿಲ್ಲಿಸಿಬಿಟ್ಟರು. "ಹಾದಿ ದನಕ್ಕೂ ಗೊತ್ತಿರತೈತಿ. ಎಲ್ಲಿ ಕುಂದರಬೇಕು ಅನ್ನೂದು ತಿಳದಂವಾ ಐನಾರ" ಎಂದರು. ಮುಂದಿನ ಊರಿನವರೆಗೆ ಒಂದೂ ಮರವಿಲ್ಲ ಎಂಬುದು ಸಂಜೆ ನಡೆದಾಗ ಕಂಡಿತು.

ಮಾರ್ಚ್ ಕೊನೆಯ ಹೊತ್ತಿಗೆ ರಾಯಚೂರು ಸೀಮೆಯ ಬಿಸಿಲು ನಲವತ್ತು ಡಿಗ್ರಿಗೆ ಬಂದಿರುತ್ತದೆ. ಎರೆಭೂಮಿಯಲ್ಲಿ ಬೆಳೆ ತೆಗೆದಾಗಿರುತ್ತದೆ, ಕಣ್ಣು ಹಾಯುವವರೆಗೆ ನೆರಳಿರುವುದಿಲ್ಲ. ಅಲ್ಲಿ ನಡಿಗೆಯ ಲೆಕ್ಕ ಗಡಿಯಾರದ ಮೇಲೆ, ಕಿಲೋಮೀಟರಿನ ಮೇಲಲ್ಲ. ಬೆಳಗಿನ ಮೂರಕ್ಕೆ ಎದ್ದು ಒಂಬತ್ತರೊಳಗೆ ಎಷ್ಟಾಗುತ್ತದೋ ಅಷ್ಟು. ಆಮೇಲೆ ಗುಡಿ, ಶಾಲೆ, ಮಠ, ಸಿಕ್ಕಲ್ಲಿ ಅಡ್ಡಾಗುವುದು. ಹೊತ್ತು ಇಳಿದ ಮೇಲೆ ಮತ್ತೆ ನಡಿಗೆ. ಇನ್ನೊಂದು ಕಟ್ಟಳೆ, ಕಂಬಿಗಿಂತ ಮುಂದೆ ಯಾರೂ ಹೋಗುವಂತಿಲ್ಲ. ಭಕ್ತಿಯ ಮಾತು ಎಂದು ಮೊದಲು ಅಂದುಕೊಂಡಿದ್ದೆ. ಕಂಬಿ ಹೊತ್ತವನ ಹೆಜ್ಜೆ ಸಹಜವಾಗಿಯೇ ಸಣ್ಣದು. ಅದರ ಹಿಂದೆ ನಡೆದರೆ ಅರವತ್ತು ದಾಟಿದ ಹೆಂಗಸೂ ದಮ್ಮು ಹತ್ತದೆ ಬರುತ್ತಾಳೆ. ಕಿವಿಗೆ ಹಾಡು ಸಿಕ್ಕಿಸಿಕೊಂಡು ಮುಂದೆ ಓಡುವ ಬೇರೆ ತಂಡದ ಹುಡುಗರನ್ನು ನಾವು ಎರಡು ದಿನ ಬಿಟ್ಟು ರಸ್ತೆಬದಿಯ ವೈದ್ಯರ ಶಿಬಿರದಲ್ಲಿ ಪಾದ ಮೇಲೆತ್ತಿ ಮಲಗಿರುವಾಗ ಮಾತಾಡಿಸಿ ಮುಂದೆ ಸಾಗುತ್ತೇವೆ.

ಪಾದದ ಸಂಗತಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮದು ಚಪ್ಪಲಿಯ ಸೀಮೆ. ಹೆಸರು ಕೊಲ್ಹಾಪುರಿಯಾದರೂ ಅಥಣಿ, ಮದಭಾವಿ, ನಿಪ್ಪಾಣಿ, ರಾಯಬಾಗಗಳಲ್ಲಿ ಅದನ್ನು ಹೊಲಿಯುವ ಮನೆತನಗಳಿವೆ. ಭೌಗೋಳಿಕ ಸೂಚಕದ ಮಾನ್ಯತೆಯಲ್ಲೂ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿವೆ. ಮೊಳೆಯಿಲ್ಲದೆ ಚರ್ಮದ ಎಳೆಯಲ್ಲೇ ಹೊಲಿದ ಆ ಜೋಡು ಹೊಸದಿದ್ದಾಗ ಕಚ್ಚುತ್ತದೆ. ಎಣ್ಣೆ ಹಚ್ಚಿ, ಮನೆಯಲ್ಲಿ ಮೆಟ್ಟಿ, ಹೊಲದಲ್ಲಿ ಮೆಟ್ಟಿ, ಕಾಲಿನ ಅಚ್ಚು ಅದರಲ್ಲಿ ಮೂಡಿದ ಮೇಲೆಯೇ ಹಾದಿಗೆ ಒಯ್ಯಬೇಕು. ಹಾಗೆ ಪಳಗಿದ್ದು ಕಾದ ಡಾಂಬರಿಗೂ ಜಗ್ಗುವುದಿಲ್ಲ. ನೀರು ಕುಡಿದರೆ ಮಾತ್ರ ಕೆಟ್ಟಿತು. ಬೂಟಿನವರು ಒಂದು ಅಳತೆ ದೊಡ್ಡದನ್ನೇ ಕೊಳ್ಳಲಿ, ಬಿಸಿಲಲ್ಲಿ ನಡೆದ ಪಾದ ಬಾಯುತ್ತದೆ, ಬಿಗಿ ಬೂಟು ಉಗುರು ಕಪ್ಪಾಗಿಸುತ್ತದೆ. ಹರಕೆ ಹೊತ್ತು ಬರಿಗಾಲಲ್ಲಿ ಬರುವವರಿದ್ದಾರೆ, ಮರಗಾಲು ಕಟ್ಟಿಕೊಂಡು ಬರುವವರೂ ಇದ್ದಾರೆ. ಅವರಿಗೆ ನಾನು ಹೇಳುವುದೇನೂ ಇಲ್ಲ. ಗುಳ್ಳೆ ಎದ್ದರೆ ಸೂಜಿ ದಾರ ಪೋಣಿಸಿ, ದಾರ ಒಳಗೇ ಬಿಟ್ಟು ನೀರು ಬಸಿಯುವುದು ಹಳೆಯವರ ರೂಢಿ. ಆ ದಾರದ ಗುಂಟ ಕೀವು ಹಿಡಿಯುತ್ತದೆ ಎಂದು ಶಿಬಿರದ ವೈದ್ಯರು ಬೈಯುತ್ತಾರೆ. ಬೈಸಿಕೊಂಡ ಮೇಲೂ ನಮ್ಮವರು ಸೂಜಿ ಬಿಟ್ಟು ಬರುವುದಿಲ್ಲ.

ಹೊಟ್ಟೆಯ ಚಿಂತೆ ಆ ಹಾದಿಯಲ್ಲಿ ಇಲ್ಲವೇ ಇಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮಾದ್ಲಿ, ಕಲ್ಲಂಗಡಿ, ಅಂಬಲಿ, ಮಜ್ಜಿಗೆ ಹಾದಿಗುಂಟ ಸಿಗುತ್ತಲೇ ಇರುತ್ತವೆ. ಒಂದೂರಿನವರು ಉಣ್ಣಿಸಿ ಕಳಿಸಿದರೆ ಎರಡು ಮೈಲಿಯಾಚೆ ಇನ್ನೊಂದೂರಿನವರು ಕೈಹಿಡಿದು ಎಳೆಯುತ್ತಾರೆ. ಕಲಿಯುವುದೇನಿದ್ದರೂ ಬೇಡ ಎನ್ನುವುದನ್ನೇ. ಸಿಹಿ ಕಡಿಮೆ, ಮಜ್ಜಿಗೆ ಹೆಚ್ಚು, ಅದೂ ಉಪ್ಪು ಹಾಕಿದ್ದು. ಬೆವರಿನಲ್ಲಿ ಉಪ್ಪು ಹೋದ ಮೇಲೆ ಬರೀ ನೀರು ಎಷ್ಟು ಕುಡಿದರೂ ಮೀನಖಂಡ ಹಿಡಿದುಕೊಳ್ಳುವುದು ನಿಲ್ಲುವುದಿಲ್ಲ.

ನನಗೆ ಕಷ್ಟವಾದದ್ದು ಬಿಸಿಲಲ್ಲ, ಈ ಕೈಯೊಡ್ಡುವುದು. ಅದಕ್ಕೆ ಕಾರಣ ನಮ್ಮೂರೇ. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆ. ಸಾಂಗಲಿ, ಕೊಲ್ಹಾಪುರ, ಸಾತಾರಾ, ಸೊಲ್ಲಾಪುರ ಕಡೆಯಿಂದ ಮಂದಿ ಮಿರಜ ಗಾಡಿಯಲ್ಲಿ, ಚಕ್ಕಡಿಯಲ್ಲಿ, ಕಾಲ್ನಡಿಗೆಯಲ್ಲಿ ಬರುತ್ತಾರೆ. ಚಾಂಗಭಲೋ ಎನ್ನುವ ಕೂಗು, ಅರಿಶಿನದ ಭಂಡಾರದಿಂದ ಹಳದಿಯಾದ ಹಾದಿ. ಆ ದಿನಗಳಲ್ಲಿ ಊರ ಮನೆಗಳೆಲ್ಲ ಕೊಡುವ ಮನೆಗಳು. ಅಂಗಳದಲ್ಲಿ ಇಳಿದವರಿಗೆ ನೀರು, ಒಲೆಗೆ ಮೂರು ಕಲ್ಲು, ರಾತ್ರಿಗೆ ಚಾಪೆ. ಸಣ್ಣವನಿದ್ದಾಗಿನಿಂದ ನಾನು ಕೊಟ್ಟವನು, ಕೊಡುವವನಿಗೆ ತಾನೊಬ್ಬ ದೊಡ್ಡವನು ಎಂಬ ಒಂದು ಸಣ್ಣ ಗತ್ತು ಬಂದುಬಿಡುತ್ತದೆ. ಲಿಂಗಸುಗೂರಿನ ಆಚೆ ಒಂದು ಶಾಮಿಯಾನದ ಕೆಳಗೆ ಮುದುಕಿಯೊಬ್ಬಳು ಹಿತ್ತಾಳೆ ತಾಟು, ಬಿಸಿನೀರು ಇಟ್ಟುಕೊಂಡು ಕೂತಿದ್ದಳು. ಸೀರೆಗೆ ಎರಡು ಕಡೆ ತೇಪೆ. ನನ್ನ ಪಾದ ಹಿಡಿದಳು. ನಾನು ಹಿಂದೆಳೆದುಕೊಂಡೆ.

"ಹಿರೇರು ಅದೀರಿ, ನೀವು ಮುಟ್ಟಬ್ಯಾಡ್ರಿ ಯವ್ವಾ."

"ನಿನ್ನ ಕಾಲಂತ ಯಾರು ಹಿಡದಾರೋ ತಮ್ಮಾ? ಮಲ್ಲಯ್ಯನ ಕಡೆ ಹೊಂಟ ಕಾಲು. ಸುಮ್ನ ಕುಂದರು."

ಕೂತೆ. ತೊಳೆದಳು, ಸೆರಗಿನಿಂದ ಒರೆಸಿದಳು, ಎಣ್ಣೆ ಹಚ್ಚಿದಳು. ಆಮೇಲೆ ಹಿಮ್ಮಡಿ ತಿರುಗಿಸಿ ನೋಡಿ, "ಏನಿದು, ಮಳೀ ಕಾಣದ ಎರಿಹೊಲ ಬಿರತಂಗ ಬಿರತದ. ಮನ್ಯಾಗ ಯಾರೂ ಹೇಳವರಿಲ್ಲೇನು ನಿನಗ?" ಎಂದು ನನ್ನ ತಂಡದವರೆಲ್ಲ ಕೇಳುವಂತೆ ಬೈದಳು. ಜೇಬಿಗೆ ಕೈ ಹಾಕಿದವನು ನೋಟು ತೆಗೆಯದೆ ಕೈ ಹೊರಗೆ ತೆಗೆದೆ. ಐನಾರು ನೋಡುತ್ತಿದ್ದರು. ಕೊಟ್ಟಿದ್ದರೆ ಅವಳು ತೊಳೆದದ್ದೆಲ್ಲ ಕೂಲಿಯಾಗುತ್ತಿತ್ತು.

ಹೊರದೇಶದ ನಡಿಗೆಗಳ ಬಗ್ಗೆ ತಮ್ಮನ ಮಗಳಿಂದ ಕೇಳುತ್ತ ಹೋದಂತೆ ಇದು ಬರೀ ನಮ್ಮದಲ್ಲ ಎಂದೂ ತಿಳಿಯಿತು. ಜಪಾನಿನ ಶಿಕೋಕು ದ್ವೀಪದಲ್ಲಿ 88 ಬೌದ್ಧ ದೇವಾಲಯಗಳನ್ನು ಸುತ್ತುವ ಸುಮಾರು 1,200 ಕಿಲೋಮೀಟರಿನ ಹಾದಿಯಿದೆ. ಅಲ್ಲಿಯೂ ಊರವರು ನಡೆಯುವವರಿಗೆ ಹಣ್ಣು, ಚಹಾ, ಊಟ ಕೊಡುತ್ತಾರೆ, ಕೊಟ್ಟದ್ದನ್ನು ಬೇಡ ಎನ್ನುವುದು ಒಳ್ಳೆಯ ನಡತೆಯಲ್ಲ. ಸ್ಪೇನಿನ ಸಂತಿಯಾಗೊ ಹಾದಿಯಲ್ಲಿ ಎಲಿಯಾಸ್ ವಲಿನ್ಯಾ ಎಂಬ ಪಾದ್ರಿ 1980ರ ದಶಕದಲ್ಲಿ ಹಳದಿ ಬಣ್ಣದ ಡಬ್ಬಿ ಹಿಡಿದು ಬಾಣದ ಗುರುತು ಬಳಿಯುತ್ತ ಹೋದರಂತೆ. ಇವತ್ತಿಗೂ ಆ ಬಾಣಗಳೇ ಅಲ್ಲಿ ದಾರಿ ತೋರಿಸುತ್ತವೆ. ಬಾಣ ದಾರಿ ತೋರಿಸೀತು, ಹುಣಸೆಮರದ ಕೆಳಗೆ ನಿಲ್ಲಿಸಲಾರದು.

ಆತ್ಮಕೂರು ಬಿಟ್ಟ ಮೇಲೆ ಹಾದಿಯ ಸ್ವಭಾವವೇ ಬದಲು. ವೆಂಕಟಾಪುರದಿಂದ ನಾಗಲೂಟಿ, ಪೆಚ್ಚೆರುವು, ಭೀಮುನಿಕೊಲನು, ಕೊನೆಗೆ ಕೈಲಾಸದ್ವಾರ; ಸುಮಾರು ನಲವತ್ತು ಕಿಲೋಮೀಟರ್ ಕಾಡು. ನಾಗಾರ್ಜುನಸಾಗರ ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ ಇದು, ದೇಶದಲ್ಲೇ ಅತಿ ದೊಡ್ಡದು. ಕಾಡೆಂದರೆ ನೆರಳು ಅಂದುಕೊಂಡು ಬಂದವರಿಗೆ ಇಲ್ಲಿ ನಿರಾಸೆ. ನಲ್ಲಮಲದ ಮರಗಳು ಬೇಸಿಗೆಗೆ ಎಲೆ ಉದುರಿಸಿ ಕಡ್ಡಿಯಾಗಿ ನಿಂತಿರುತ್ತವೆ. ಮೇಲಿನಿಂದ ಬಿಸಿಲು, ಕೆಳಗಿನ ಕಲ್ಲಿನಿಂದ ಝಳ. ಅಲ್ಲಲ್ಲಿ ಸಿಗುವ ಮೆಟ್ಟಿಲುಗಳು ಹಳೆಯವು. ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ ಕೀರ್ತಿ ಹದಿನಾಲ್ಕನೆಯ ಶತಮಾನದ ಪ್ರೋಲಯ ವೇಮಾರೆಡ್ಡಿಯದು. ಒಂದೊಂದು ಮೆಟ್ಟಿಲು ಮೊಣಕಾಲೆತ್ತರ. ನಾಗಲೂಟಿಯ ವೀರಭದ್ರನ ಗುಡಿ, ಪೆಚ್ಚೆರುವಿನ ಕೆರೆಯ ದಂಡೆ, ಎರಡೇ ನಿಜವಾದ ತಂಗುದಾಣ. ಭೀಮುನಿಕೊಲನಿನ ಕಮರಿಗೆ ಇಳಿಯುವಾಗ ನಮ್ಮ ತಂಡದ ಮಾತೆಲ್ಲ ನಿಂತುಹೋಗುತ್ತದೆ. ಏರು ದಮ್ಮು ತೆಗೆಯುತ್ತದೆ, ಇಳುಕಲು ಮೊಣಕಾಲು ತೆಗೆಯುತ್ತದೆ. ದಮ್ಮು ಐದು ನಿಮಿಷ ಕೂತರೆ ಬರುತ್ತದೆ, ಮೊಣಕಾಲು ಬರುವುದಿಲ್ಲ. ತಲೆಯ ಮೇಲೆ ಗಂಟು ಹೊತ್ತ ಮುದುಕಿಯರು ಅಲ್ಲಿ ಅಡ್ಡಡ್ಡ ಹೆಜ್ಜೆಯಿಟ್ಟು, ಪಕ್ಕಕ್ಕೆ ತಿರುಗಿಕೊಂಡು ಇಳಿಯುತ್ತಾರೆ. ನಾನು ಅವರನ್ನು ನೋಡಿ ಕಲಿತೆ, ಕೋಲೊಂದನ್ನು ಜೊತೆಗೆ ಇಟ್ಟುಕೊಂಡೆ.

ಈ ಕಾಡು ಚೆಂಚು ಜನರದು. ಅವರ ಪಾಲಿಗೆ ಮಲ್ಲಯ್ಯ ಚೆಂಚು ಹುಡುಗಿಯನ್ನು ಮೆಚ್ಚಿ ಮದುವೆಯಾದವನು, ಅಂದರೆ ಮನೆ ಅಳಿಯ. ನಮ್ಮವರಿಗೆ ಮಲ್ಲಯ್ಯನ ಮಡದಿ ಭ್ರಮರಾಂಬೆ ಮನೆಮಗಳು. ಯುಗಾದಿಗೆ ಅವಳಿಗೆ ಸೀರೆ, ಅರಿಶಿನ, ಕುಂಕುಮ ಒಯ್ಯುತ್ತಾರೆ. ಹಾಗೆ ನೋಡಿದರೆ ಮಲ್ಲಯ್ಯ ನಮಗೂ ಅಳಿಯನೇ. ಎರಡು ಬೀಗರ ಮನೆಯವರು ಪೆಚ್ಚೆರುವಿನ ಹತ್ತಿರ ಎದುರಾದಾಗ ತೆಲುಗು ಬಾರದ ನಮ್ಮ ಹೆಣ್ಣುಮಕ್ಕಳೂ ಕನ್ನಡ ಬಾರದ ಚೆಂಚು ಹೆಣ್ಣುಮಕ್ಕಳೂ ಕೈಸನ್ನೆಯಲ್ಲೇ ನೀರು, ಮಕ್ಕಳು, ಮೊಣಕಾಲು ನೋವು ಎಲ್ಲವನ್ನೂ ಮಾತಾಡಿ ಮುಗಿಸುತ್ತಾರೆ.

ಅವರ ಎದುರು ನಮಗೆ ತಲೆ ತಗ್ಗಿಸಬೇಕಾದ ಸಂಗತಿಯೂ ಒಂದಿದೆ. ನೀರಿನ ಪ್ಲಾಸ್ಟಿಕ್ ಪಾಕೀಟು, ತಟ್ಟೆ, ಲೋಟ ಕಾಡಿನ ಹಾದಿಗುಂಟ ಬಿದ್ದಿರುತ್ತವೆ. ಐನೂರು ಕಿಲೋಮೀಟರ್ ಮಡಿಯಿಂದ ಬಂದವರು ಮಲ್ಲಯ್ಯನ ಬಾಗಿಲಲ್ಲೇ ಉಗುಳಿದ ಹಾಗೆ. ಸೊಂಟಕ್ಕೊಂದು ಸ್ಟೀಲ್ ಲೋಟ ಕಟ್ಟಿಕೊಂಡರೆ ಅರ್ಧ ಕಸ ತಪ್ಪುತ್ತದೆ. ನಮ್ಮ ತಂಡದಲ್ಲಿ ಲೋಟ ಇಲ್ಲದವರಿಗೆ ಐನಾರು ಭಸ್ಮ ಹಚ್ಚುವುದಿಲ್ಲ.

ಇತ್ತೀಚೆಗೆ ಈ ನಡಿಗೆಯನ್ನೇ ಪ್ಯಾಕೇಜ್ ಮಾಡಿದರೆ ಹೇಗೆ ಎಂದು ಕೇಳುವವರೂ ಹುಟ್ಟಿದ್ದಾರೆ. ವ್ಯಾನು, ಟೆಂಟು, ಅಡುಗೆಯವರು, ಕನ್ನಡ ಇಂಗ್ಲಿಷು ಬಲ್ಲ ಹುಡುಗ. ದುಡ್ಡು ಕೊಟ್ಟು ನಡೆಯುವುದರಲ್ಲಿ ತಪ್ಪೇನಿಲ್ಲ. ಸಹ್ಯಾದ್ರಿಯಲ್ಲಿ ಅದಕ್ಕೆ ಬೇಕಾದಷ್ಟು ಗುಡ್ಡಗಳಿವೆ, ಮನೆಯಲ್ಲಿ ಉಳಿಸಿಕೊಳ್ಳುವ ಹಳ್ಳಿಗಳೂ ಇವೆ, ಅಲ್ಲಿನ ಹುಡುಗರಿಗೆ ನಾಲ್ಕು ಕಾಸಾದರೆ ಒಳ್ಳೆಯದೇ. ಈ ಹಾದಿಗೆ ಅದು ಬೇಡ ಅನ್ನುತ್ತೇನೆ. ಪಾವತಿ ಹರಿಸಿಕೊಂಡು ಬಂದವನು ಲಿಂಗಸುಗೂರಿನ ಮುದುಕಿಯ ತಾಟಿನ ಮುಂದೆ ಕೂತರೆ ಅವಳು ಯಾರ ಕಾಲು ತೊಳೆದ ಹಾಗಾಯಿತು? ಅವನ ಊಟಕ್ಕೆ ಕಂಪನಿ ದುಡ್ಡು ಎಣಿಸಿಕೊಂಡಾಗಿದೆ. ಊರವರ ರೊಟ್ಟಿ ಕಂಪನಿಯ ಲಾಭದ ಲೆಕ್ಕಕ್ಕೆ ಹೋಗುತ್ತದೆ. ತಮ್ಮನ ಮಗಳು ಒಪ್ಪುವುದಿಲ್ಲ. ದುಡ್ಡು ಕೊಟ್ಟಾಗಲೇ ತನಗೆ ಸಂಕೋಚವಿಲ್ಲದೆ ಕೂಡಲು ಆಗುತ್ತದೆ ಎನ್ನುತ್ತಾಳೆ. ಅವಳ ವಯಸ್ಸಿನಲ್ಲಿ ನನಗೂ ಹಾಗೆಯೇ ಅನಿಸುತ್ತಿತ್ತು, ಅದನ್ನು ಅವಳಿಗೆ ಹೇಳಿಲ್ಲ.

ಶ್ರೀಶೈಲದಿಂದ ಊರಿಗೆ ಎಲ್ಲರೂ ಬಸ್ಸಿನಲ್ಲೇ ಬರುತ್ತಾರೆ. ವಾರಗಟ್ಟಲೆ ತುಳಿದ ಹಾದಿ ಕಿಟಕಿಯಾಚೆ ಒಂದೇ ಹಗಲಲ್ಲಿ ಮುಗಿಯುತ್ತದೆ. ಲಿಂಗಸುಗೂರಿನ ಬಾಕಿಯನ್ನು ಲಿಂಗಸುಗೂರಿಗೇ ಹೋಗಿ ತೀರಿಸುವ ಮಾರ್ಗ ನನಗೆ ಕಂಡಿಲ್ಲ. ಹಾಗಾಗಿ ಮಾಯಕ್ಕನ ಜಾತ್ರೆಯಲ್ಲಿ ನಾನು ಕೊಡುವ ರೀತಿ ಬದಲಾಗಿದೆ. ನಡೆದು ಬಂದವರಿಗೆ ಬಂದ ಕೂಡಲೇ ಊಟಕ್ಕೆ ಏಳಿ ಎನ್ನುವುದಿಲ್ಲ. ಮೊದಲು ನೆರಳು, ಆಮೇಲೆ ಕಾಲಿಗೆ ನೀರು. ಎಷ್ಟು ಹೊತ್ತಿಗೆ ಹೊರಟಿರಿ ಎಂದು ಕೇಳುತ್ತೇನೆ, ಹಿಮ್ಮಡಿ ನೋಡಿ ಬೈಯುವುದನ್ನೂ ಬಿಟ್ಟಿಲ್ಲ. ಮಜ್ಜಿಗೆಗೆ ಉಪ್ಪು ತುಸು ಹೆಚ್ಚೇ ಹಾಕಿಸುತ್ತೇನೆ. ಊರವರು ಒಂದು ಗುಟುಕು ಕುಡಿದು ಉಪ್ಪುಪ್ಪಾಗೈತಿ ಎಂದು ಮುಖ ಕಿವುಚುತ್ತಾರೆ. ಮಿರಜದ ಕಡೆಯಿಂದ ನಡೆದು ಬಂದವರು ಖಾಲಿ ಲೋಟ ಮತ್ತೆ ಮುಂದೆ ಹಿಡಿಯುತ್ತಾರೆ.