ಕಾರಿನ ಮಾರ್ಪಾಟು ಮತ್ತು ವಾರಂಟಿ

ಹೊಸ ಕಾರನ್ನು ಕೊಂಡವರಿಗೆ ಬೀಗದ ಕೈಯೊಡನೆ ಒಂದು ಪುಟ್ಟ ಪುಸ್ತಕವೂ ದೊರೆಯುತ್ತದೆ. ಇಂತಿಷ್ಟು ವರ್ಷ ಅಥವಾ ಇಂತಿಷ್ಟು ಕಿಲೋಮೀಟರು, ಇವೆರಡರಲ್ಲಿ ಯಾವುದು ಮೊದಲು ಮುಗಿಯುವುದೋ ಅಲ್ಲಿಯವರೆಗೆ, ಸಾಮಗ್ರಿಯ ಅಥವಾ ತಯಾರಿಕೆಯ ದೋಷದಿಂದ ಕೆಟ್ಟ ಭಾಗವನ್ನು ಕಂಪನಿಯು ತನ್ನ ಖರ್ಚಿನಲ್ಲಿಯೇ ಸರಿಪಡಿಸಿಕೊಡುವುದೆಂಬ ವಚನ ಅದರಲ್ಲಿದೆ. ಇದೇ ವಾರಂಟಿ. ಮುಂದಿನ ಪುಟಗಳಲ್ಲಿ, ಸಣ್ಣ ಅಕ್ಷರಗಳಲ್ಲಿ, ಮಾಲೀಕನು ಮಾಡಿಸಿದ ಮಾರ್ಪಾಟಿನಿಂದ ಉಂಟಾದ ಹಾನಿಗೆ ಈ ವಚನವು ಅನ್ವಯಿಸದೆಂದೂ ಸಾಮಾನ್ಯವಾಗಿ ಬರೆದಿರುತ್ತದೆ. 'ಮಾರ್ಪಾಟಿನಿಂದ ಉಂಟಾದ' ಎಂಬುದು ಕಾರ್ಯಕಾರಣ ಸಂಬಂಧದ ಮಾತು. ಆದುದರಿಂದ ಇದು ವಕೀಲರಿಗೆ ಎಷ್ಟು ಸೇರಿದ ವಿಷಯವೋ ಭೌತವಿಜ್ಞಾನದ ವಿದ್ಯಾರ್ಥಿಗೂ ಅಷ್ಟೇ ಸೇರಿದುದು.

ಅತಿ ಸಾಮಾನ್ಯವಾದ ಒಂದು ಮಾರ್ಪಾಟನ್ನು ಪರಿಶೀಲಿಸೋಣ. ಅನೇಕ ಕಾರುಗಳ ಹೆಡ್‌ಲೈಟಿನಲ್ಲಿ ಎಚ್-4 ಎಂಬ ಜಾತಿಯ ಹ್ಯಾಲೊಜೆನ್ ಬಲ್ಬು ಇರುತ್ತದೆ. ದೂರಕ್ಕೆ ಹಾಯುವ ಬೆಳಕಿಗೆ 60 ವಾಟು, ಹತ್ತಿರದ ಬೆಳಕಿಗೆ 55 ವಾಟು. ಇದು ಸಾಲದೆಂದು ಕೆಲವರು 100/90 ವಾಟಿನ ಬಲ್ಬನ್ನು ತಂದು ಅದೇ ಹೋಲ್ಡರಿಗೆ ಸಿಕ್ಕಿಸುವರು. ಬಲ್ಬು ಸರಿಯಾಗಿ ಕೂರುತ್ತದೆ, ಉರಿಯುತ್ತದೆ. ತಂತಿಯ ಗತಿಯೇನೆಂದು ಯಾರೂ ಕೇಳುವುದಿಲ್ಲ.

ಬ್ಯಾಟರಿಯು 12 ವೋಲ್ಟಿನದಾದರೆ 60 ವಾಟಿನ ಬಲ್ಬಿಗೆ 5 ಆಂಪೇರು ಪ್ರವಾಹ ಬೇಕು. 100 ವಾಟಿನದಕ್ಕೆ ಸುಮಾರು 8.3 ಆಂಪೇರು. ತಂತಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕೆ ಅನುಪಾತವಾಗಿರುವುದೆಂದು ಜೂಲ್ 1841ರಲ್ಲಿಯೇ ಪ್ರಕಟಿಸಿದನು. 5ರ ವರ್ಗ 25, 8.3ರ ವರ್ಗ ಸುಮಾರು 69. ಎಂದರೆ ಪ್ರವಾಹವು ಒಂದೂಮುಕ್ಕಾಲು ಪಟ್ಟಿಗೂ ಕಡಿಮೆ ಏರಿದರೂ ಉಷ್ಣವು ಎರಡೂಮುಕ್ಕಾಲು ಪಟ್ಟಾಯಿತು. ಹೋಲ್ಡರಿನ ಸಂಪರ್ಕದಲ್ಲಿ ತುಕ್ಕಿನಿಂದಲೋ ಸಡಿಲದಿಂದಲೋ 0.1 ಓಮ್ ರೋಧವಿದ್ದರೆ, ಮೊದಲು ಅಲ್ಲಿ 2.5 ವಾಟು ಉಷ್ಣ ಹುಟ್ಟುತ್ತಿದ್ದುದು ಈಗ ಸುಮಾರು 7 ವಾಟಾಗುವುದು. ಬೆರಳ ತುದಿಯಷ್ಟು ಪ್ಲಾಸ್ಟಿಕ್ಕಿಗೆ ಇದು ಸಣ್ಣ ಹೊರೆಯಲ್ಲ. ಇಷ್ಟಾಗಿಯೂ ಬೆಳಕು ಪೂರ್ತಿ ದೊರೆಯುವುದೆ? ಅದೇ ಸಂಪರ್ಕದಲ್ಲಿ ಸುಮಾರು 0.8 ವೋಲ್ಟು, ಎಂದರೆ ಶೇಕಡ 7ರಷ್ಟು, ನಷ್ಟವಾಗುತ್ತದೆ. ವೋಲ್ಟೇಜು ಅಷ್ಟು ಇಳಿದರೆ ಬೆಳಕು ಶೇಕಡ 20ಕ್ಕೂ ಹೆಚ್ಚು ಇಳಿಯುತ್ತದೆ. ಫ್ಯೂಸು ಸುಟ್ಟಾಗ ಅದಕ್ಕಿಂತ ದೊಡ್ಡದನ್ನು ಹಾಕುವ ಜಾಣರೂ ಉಂಟು. ಆಗ ಫ್ಯೂಸಿಗೆ ಬದಲು ತಂತಿಯೇ ಸುಡಬೇಕಾಗುತ್ತದೆ.

ಹೀಗೆ ಹೋಲ್ಡರು ಕರಗಿದ ಕಾರನ್ನು ಕಂಪನಿಯ ಕಾರ್ಖಾನೆಗೆ ಒಯ್ದರೆ, ಇದು ತನ್ನ ದೋಷವಲ್ಲವೆಂದು ಕಂಪನಿ ಹೇಳುವುದು ನ್ಯಾಯವೇ. ಆದರೆ ಅದೇ ತಿಂಗಳು ಆ ಕಾರಿನ ಗೇರುಪೆಟ್ಟಿಗೆಯೂ ಮುರಿಯಿತೆನ್ನಿ. ಬಲ್ಬಿನಿಂದ ಗೇರಿನ ಹಲ್ಲಿಗೆ ಯಾವ ದಾರಿಯೂ ಇಲ್ಲ. 'ನೀವು ಬಲ್ಬು ಬದಲಾಯಿಸಿದಿರಿ, ನಿಮ್ಮ ವಾರಂಟಿ ಪೂರ್ತಿ ರದ್ದಾಯಿತು' ಎಂಬ ಉತ್ತರ ಕೇಳಿಬರುವುದುಂಟು. ಅದನ್ನು ತಲೆಬಾಗಿ ಒಪ್ಪಬೇಕಾಗಿಲ್ಲ.

ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯಿದೆಯು ಈ ಭೇದವನ್ನು ಗುರುತಿಸಿತು. ಹೊರಗಿನ ಭಾಗವನ್ನು ಬಳಸಿದ ಮಾತ್ರಕ್ಕೆ ಅಲ್ಲಿ ವಾರಂಟಿಯನ್ನು ನಿರಾಕರಿಸುವಂತಿಲ್ಲ. ಆ ಭಾಗವೇ ಹಾನಿಗೆ ಕಾರಣವೆಂದು ಕಂಪನಿಯು ತೋರಿಸಬೇಕು. ನಮ್ಮ ದೇಶದಲ್ಲಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳ ಮೇಲೆ ನೀಡಿದ ಆದೇಶದಲ್ಲಿ, ಹೊರಗಿನ ರಿಪೇರಿಯವರ ಬಳಿ ಹೋದರೆಂಬ ಒಂದೇ ಕಾರಣಕ್ಕೆ ವಾರಂಟಿಯನ್ನು ಪೂರ್ತಿ ರದ್ದುಮಾಡಬಾರದು, ಕೆಟ್ಟ ಕೆಲಸದಿಂದಾದ ಹಾನಿಯ ಮಟ್ಟಿಗೆ ಮಾತ್ರ ರದ್ದುಮಾಡಬಹುದು ಎಂದಿತು. ಈ ಆದೇಶದ ಮೇಲೆ ಮೇಲ್ಮನವಿಗಳಾದವು. ಅಲ್ಲದೆ ಅದು ರಿಪೇರಿಗೆ ಸಂಬಂಧಿಸಿದುದು, ಮಾರ್ಪಾಟಿಗಲ್ಲ. ಆದರೂ ಅದರ ಹಿಂದಿನ ತರ್ಕವು ಮಾರ್ಪಾಟಿಗೂ ಒಪ್ಪುವುದೆಂದು ನನ್ನ ಅಭಿಪ್ರಾಯ.

ಎಲ್ಲ ಮಾರ್ಪಾಟುಗಳ ದಾರಿಯೂ ಬಲ್ಬಿನದರಷ್ಟು ಸ್ಪಷ್ಟವಲ್ಲ. ಚಕ್ರವನ್ನು ಸ್ಪೇಸರಿನಿಂದ ಹೊರಕ್ಕೆ ಸರಿಸಿದರೆ ಸನ್ನೆಯ ತೋಳು ಉದ್ದವಾಗಿ ಬೇರಿಂಗಿನ ಮೇಲಿನ ಹೊರೆ ಹೆಚ್ಚುತ್ತದೆ. ಗುಂಡುಗಳುಳ್ಳ ಬೇರಿಂಗಿನ ಆಯುಸ್ಸು ಹೊರೆಯ ಘನಕ್ಕೆ ವಿಲೋಮವಾದುದರಿಂದ, ಹೊರೆ ಶೇಕಡ 25 ಹೆಚ್ಚಿದರೆ ಆಯುಸ್ಸು ಅರ್ಧಕ್ಕಿಳಿಯುವುದು. ಆದರೆ ಕೆಡುವುದು ಎಷ್ಟೋ ತಿಂಗಳ ಮೇಲೆ. ಟೈರಿನ ವಿಷಯ ಇನ್ನೂ ಸೋಜಿಗದ್ದು. 165/80 ಆರ್ 14 ಟೈರಿನ ವ್ಯಾಸ ಸುಮಾರು 620 ಮಿಲಿಮೀಟರು, 195/65 ಆರ್ 15ರದು ಸುಮಾರು 634. ಕಿಲೋಮೀಟರು ತೋರಿಸುವ ಯಂತ್ರವು ಎಣಿಸುವುದು ಸುತ್ತುಗಳನ್ನು. ಮೊದಲಿನ ಟೈರಿನೊಡನೆ ಅದು ಸರಿಯಾಗಿದ್ದುದಾದರೆ, ಎರಡನೆಯದನ್ನು ಹಾಕಿದ ಕಾರು 1,00,000 ಎಂದು ತೋರಿಸುವಾಗ ಸುಮಾರು 1,02,400 ಕಿಲೋಮೀಟರು ಓಡಿರುತ್ತದೆ. ವಾರಂಟಿಯನ್ನು ಅಳೆಯುವ ಕೋಲೇ ಹಿಗ್ಗಿದಂತಾಯಿತು!

ಎಂಜಿನ್ನನ್ನು ಆಳುವ ಕಂಪ್ಯೂಟರಿನ ಲೆಕ್ಕವನ್ನೇ ತಿದ್ದಿಸಿ ಶಕ್ತಿ ಹೆಚ್ಚಿಸಿಕೊಳ್ಳುವುದು ಎಲ್ಲಕ್ಕಿಂತ ತೊಡಕಿನದು. ತಿರುಚುಬಲ ಏರಿದಾಗ ಪಿಸ್ಟನಿನಿಂದ ಕ್ಲಚ್ಚು, ಗೇರುಗಳವರೆಗೆ ಎಲ್ಲದರ ಮೇಲೂ ಒತ್ತಡ ಬೀಳುವುದರಿಂದ ಕಂಪನಿಯ ವಾದ ಇಲ್ಲಿ ಬಲವಾಗುತ್ತದೆ. ಮೊದಲಿನ ಲೆಕ್ಕವನ್ನು ಮತ್ತೆ ತುಂಬಿಸಿದರೂ, ಬದಲಾವಣೆ ಎಷ್ಟು ಸಲ ಆಯಿತೆಂಬ ಗುರುತು ಅನೇಕ ಕಂಪ್ಯೂಟರುಗಳಲ್ಲಿ ಉಳಿದಿರುತ್ತದೆ.

ನೋಂದಣಿ ಪತ್ರದ ವಿವರಗಳು ಕಂಪನಿಯ ಮೂಲ ನಿರೂಪಣೆಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸಬಾರದೆಂದು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ವಿಧಿ ಹೇಳುತ್ತದೆ. ಇದು ವಾರಂಟಿಗಿಂತ ಬೇರೆಯೇ ಆದ ಪ್ರಶ್ನೆ.

ಮಾರ್ಪಾಟು ಮಾಡಿಸುವವರು ಕಳಚಿದ ಮೂಲ ಭಾಗಗಳನ್ನೂ ರಸೀದಿಗಳನ್ನೂ ಇಟ್ಟುಕೊಂಡಿರಬೇಕು. ವಾರಂಟಿಯನ್ನು ನಿರಾಕರಿಸಿದಲ್ಲಿ, ಕೆಟ್ಟ ಭಾಗ ಯಾವುದು, ಮಾರ್ಪಾಟು ಅದನ್ನು ಹೇಗೆ ಕೆಡಿಸಿತು ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಜಿಲ್ಲಾ ಗ್ರಾಹಕ ಆಯೋಗದ ಮುಂದೆ ದೂರು ಕೊಡುವಾಗ ಆ ಕಾಗದವನ್ನು ಜೊತೆಗಿಡಬಹುದು.